ಏಳು ಕೈಗಳ ಹರಿವಾಣ

ಕಾವೂರಿನ ರಮ್ಲಾ ಯಾವ ಕೋಣೆಗೆ ಕಾಲಿಟ್ಟರೂ ಅಲ್ಲಿ ಯಾರು ಎಲ್ಲಿ ಕೂತಿದ್ದಾರೆ ಎಂಬುದನ್ನು ಮೊದಲು ನೋಡುತ್ತಾಳೆ. ಮದುವೆಯಿಂದ ಬಂದವಳನ್ನು ಊಟಕ್ಕೆ ಏನಿತ್ತು ಎಂದು ಕೇಳಿದರೆ ತಡವರಿಸುತ್ತಾಳೆ. ಮದುಮಗಳ ಎಡಕ್ಕೆ ಎರಡನೆಯವರು ಯಾರಿದ್ದರು ಎಂದು ಕೇಳಿದರೆ, ಹತ್ತು ವರ್ಷದ ಹಿಂದಿನ ಮದುವೆಯಾದರೂ, ಕೈಬಳೆಯ ಬಣ್ಣದ ಸಮೇತ ಹೇಳುತ್ತಾಳೆ. ಉಮ್ಮ ಹಲೀಮಾ ಇದನ್ನು ಒಂದು ಕಾಯಿಲೆ ಎಂದೇ ತಿಳಿದಿದ್ದರು. ಮಗಳು ಬ್ಯಾಂಕಿನ ಪರೀಕ್ಷೆಗೆ ಓದತೊಡಗಿದ ಮೇಲೆ, ಈ ಕಾಯಿಲೆಯಿಂದಲೇ ಅಂಕ ಸಿಗುತ್ತದಂತೆ ಎಂದು ನೆರೆಮನೆಯ ಜೆಸ್ಸಿ ಬಾಯಿಯ ಹತ್ತಿರ ಆಶ್ಚರ್ಯದಿಂದ ಹೇಳಿಕೊಂಡರು.

ಅಂಕ ಸಿಕ್ಕಿತು, ಕೆಲಸ ಸಿಗಲಿಲ್ಲ. ರಮ್ಲಾ ಏಳು ಪರೀಕ್ಷೆ ಬರೆದಳು, ಎರಡು ಬಾರಿ ಸಂದರ್ಶನದ ಬೆಂಚಿನ ಮೇಲೆ ಕೂತು ವಾಪಸು ಬಂದಳು, ಕೊನೆಗೆ ವಯಸ್ಸಿನ ಮಿತಿ ದಾಟಿತು. ಅಷ್ಟು ಹೊತ್ತಿಗೆ ದೊಡ್ಡಪ್ಪನ ಮಗ ಸಿದ್ದೀಕ್ ಕೊಲ್ಲಿ ದೇಶದ ದಮಾಮಿನಿಂದ ಊರಿಗೆ ಮರಳಿ, ಕೊಟ್ಟಾರದ ಹೆದ್ದಾರಿ ಬದಿಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ಕೋಚಿಂಗ್ ಸೆಂಟರ್ ತೆರೆದಿದ್ದ. ಅವನಿಗೆ ಮಾತು ಬರುತ್ತಿತ್ತು. ಐದು ಜನರನ್ನು ಒಂದು ಸಾಲಿನಲ್ಲಿ ಕೂರಿಸಲು ಬರುತ್ತಿರಲಿಲ್ಲ. ಆ ಕೆಲಸಕ್ಕೆ ರಮ್ಲಾಳನ್ನು ಕರೆದುಕೊಂಡ.

ಒಂಬತ್ತು ವರ್ಷ ಅವಳು ಅಲ್ಲಿ, ಸುಳಿವಿನ ವಾಕ್ಯಗಳನ್ನು ಹಿಡಿದು ಯಾರು ಎಲ್ಲಿ ಕೂತಿದ್ದಾರೆ ಎಂದು ಕಂಡುಹಿಡಿಯುವ ಬ್ಯಾಂಕ್ ಪರೀಕ್ಷೆಯ ಪ್ರಶ್ನೆಗಳನ್ನು ಕಲಿಸಿದಳು. ಹುಡುಗಿಯರಿಗೆ ಅತಿ ಕಷ್ಟವಾಗುತ್ತಿದ್ದದ್ದು ವೃತ್ತದ ಪ್ರಶ್ನೆ. ಎಂಟು ಜನ ದುಂಡಗೆ ಕೂತಿದ್ದಾರೆ ಎಂದ ಕೂಡಲೇ ಎದುರು ಕೂತವರ ಎಡ ಯಾವುದು, ಬಲ ಯಾವುದು ಎಂಬುದು ತಲೆಕೆಳಗಾಗುತ್ತಿತ್ತು. ರಮ್ಲಾ ಬೋರ್ಡಿನ ಮೇಲೆ ಒಂದು ಹರಿವಾಣ ಬರೆದಳು. ಅವಳ ಕಡೆಯ ಮನೆಗಳಲ್ಲಿ ವಿಶೇಷದ ದಿನ ದೊಡ್ಡ ಹರಿವಾಣದಲ್ಲಿ ಅನ್ನ ಬಡಿಸಿ, ಸುತ್ತ ಏಳೆಂಟು ಜನ ಕೂತು ಒಟ್ಟಿಗೆ ಉಣ್ಣುವುದು ವಾಡಿಕೆ. ನಿಮ್ಮ ಬಲಗೈಯನ್ನು ಹರಿವಾಣಕ್ಕೆ ಚಾಚಿ, ಆಗ ನಿಮ್ಮ ಮೊಣಕೈ ಯಾರಿಗೆ ತಾಗುತ್ತದೋ ಅವರೇ ನಿಮ್ಮ ಬಲಗಡೆಯವರು ಎಂದಳು. ಹುಡುಗಿಯರು ಡೆಸ್ಕಿನ ಮೇಲೆ ಕೈ ಚಾಚಿ, ಮೊಣಕೈ ತಾಗಿಸಿ ನಕ್ಕರು. ಆಮೇಲೆ ಯಾರಿಗೂ ಎಡ ಬಲ ತಪ್ಪಲಿಲ್ಲ. ಮಣ್ಣಗುಡ್ಡದ ಅನಘ ಎಂಬ ಹುಡುಗಿಯ ಮನೆಯಲ್ಲಿ ಒಂದು ಹರಿವಾಣದಿಂದ ಎಂಟು ಜನ ಉಣ್ಣುವ ಮಾತೇ ಇರಲಿಲ್ಲ. ಅವಳ ತಂದೆ ರಾಧಾಕೃಷ್ಣರು ದೇವಸ್ಥಾನವೊಂದರ ಅರ್ಚಕರು. ಆದರೆ ಮೊಣಕೈ ಆಟವನ್ನು ಮನೆಯಲ್ಲಿ ತಂದೆಗೂ ತಾಯಿಗೂ ಕಲಿಸಿ ಬಂದವಳು ಅವಳೊಬ್ಬಳೇ.

ರಮ್ಲಾ ಪ್ರಶ್ನೆಗಳನ್ನು ಎಲ್ಲಿಂದಲೂ ಎತ್ತಿಕೊಳ್ಳಲಿಲ್ಲ. ಎಲ್ಲವೂ ಅವಳು ಕಣ್ಣಾರೆ ಕಂಡ ಸಾಲುಗಳು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಕಾವೂರಿಗೆ ಬರುವ ಸಿಟಿ ಬಸ್ಸಿನಲ್ಲಿ ಯಾರು ಎಲ್ಲಿ ಇಳಿದರು, ಚಿಕ್ಕಮ್ಮನ ಮಗಳು ಆಮ್ನಾಳ ಮದುವೆಯಲ್ಲಿ ಮೊದಲ ಹರಿವಾಣಕ್ಕೆ ಯಾರು ಕೂತರು, ಸಂದರ್ಶನದ ಬೆಂಚಿನಲ್ಲಿ ಯಾರ ಪಕ್ಕದಲ್ಲಿ ಯಾರು ಬೆವರಿದರು. ಹೆಸರುಗಳನ್ನೂ ಬದಲಾಯಿಸುತ್ತಿರಲಿಲ್ಲ. ಹೀಗೆ ಹನ್ನೊಂದು ನೋಟ್‌ಬುಕ್ಕುಗಳಲ್ಲಿ ನಾಲ್ಕು ನೂರು ಪ್ರಶ್ನೆಗಳಾದವು. ಬೇರೆಯವರು ಡೈರಿ ಬರೆಯುತ್ತಾರಲ್ಲ, ಅವಳಿಗೆ ಇವೇ ಡೈರಿ. ಪುಸ್ತಕ ಮಾಡುವ ಎಂದು ಸಿದ್ದೀಕ್ ಕೇಳಿದಾಗ ಹನ್ನೊಂದನ್ನೂ ಒಂದು ಬಟ್ಟೆಯ ಚೀಲದಲ್ಲಿ ಹಾಕಿ ಕೊಟ್ಟಳು.

ಪುಸ್ತಕವನ್ನು ಅವಳು ಮೊದಲು ಕಂಡದ್ದು ಸಿದ್ದೀಕನ ಹೊಸ ಫ್ಲ್ಯಾಟಿನ ಮನೆಯೊಕ್ಕಲಿನ ದಿನ.

ಅಂದು ಬೆಳಗ್ಗಿನಿಂದ ರಮ್ಲಾ ಅಡುಗೆಮನೆಯಲ್ಲಿದ್ದಳು. ಮಧ್ಯಾಹ್ನ ಹೆಂಗಸರ ಕೋಣೆಯಲ್ಲಿ ಕೊನೆಯ ಹರಿವಾಣ ಹಾಕಿದಾಗ ಕೈ ತೊಳೆದು ಬಂದಳು. ಅಷ್ಟರಲ್ಲಿ ಸುತ್ತ ಏಳು ಜನ ಕೂತಾಗಿತ್ತು. ಸಿದ್ದೀಕನ ಹೆಂಡತಿ ಫಾಯಿಝಾ, ಅವಳ ಮೂವರು ಅಕ್ಕತಂಗಿಯರು, ಸಿದ್ದೀಕನ ತಂಗಿ ನಜ್ಲಾ, ಆಮ್ನಾ, ಮತ್ತೆ ಹಲೀಮಾ. ಆಮ್ನಾ ಮತ್ತು ನಜ್ಲಾ ಒಂದು ಮೊಣಕಾಲು ಸರಿಸಿದ್ದರೆ ಎಂಟನೆಯವಳಿಗೆ ಜಾಗವಾಗುತ್ತಿತ್ತು. ರಮ್ಲಾ ಅವರಿಬ್ಬರ ಹಿಂದೆ ನಿಂತು ಕಾದಳು. ಹಲೀಮಾ ಅರ್ಧ ಏಳಹೊರಟರು, ನೀವು ಕೂತುಕೊಳ್ಳಿ ಮಾಮಿ, ಅವಳು ನಮ್ಮವಳೇ ಅಲ್ಲವಾ ಎಂದು ಫಾಯಿಝಾ ಕೈಹಿಡಿದು ಕೂರಿಸಿದಳು. ಆಗ ಸಿದ್ದೀಕ್ ಒಳಗೆ ಬಂದು, ಇನ್ನೂ ಅನ್ನ ಬಡಿಸದ ಹರಿವಾಣದ ನಡುವೆ ಹೊಸ ಪುಸ್ತಕವನ್ನಿಟ್ಟ. ಮುಖ ಬೇಡ, ಎಲ್ಲರೂ ಬಲಗೈ ಮಾತ್ರ ಚಾಚಿ, ಮುಂದಿನ ಮುದ್ರಣದ ಮುಖಪುಟಕ್ಕೆ ಆಗುತ್ತದೆ ಎಂದು ಮೊಬೈಲ್ ಎತ್ತಿದ.

"ರಮ್ಲಾ, ಸ್ವಲ್ಪ ಆಚೆ ಹೋಗು," ಎಂದ. "ನಿನ್ನ ನೆರಳು ಬೀಳ್ತದೆ."

ರಮ್ಲಾ ಆಚೆ ಹೋದಳು. ಅನ್ನ ಬಂತು, ಏಳು ಕೈಗಳು ಉಣ್ಣತೊಡಗಿದವು. ಅವಳು ಪುಸ್ತಕವನ್ನು ಕಿಟಕಿಯ ಹತ್ತಿರ ಒಯ್ದು ತೆರೆದಳು. ಮೊದಲ ಪ್ರಶ್ನೆ ಅವಳದು. ಕೊನೆಯದೂ ಅವಳದು. ಆಮ್ನಾ ಎಂದಿದ್ದಲ್ಲಿ A, ನಜ್ಲಾ ಎಂದಿದ್ದಲ್ಲಿ D. ಅವಳು ಕಂಡ ಜನರೆಲ್ಲ ಒಂದೊಂದು ಅಕ್ಷರವಾಗಿದ್ದರು. ಹರಿವಾಣದ ಉಪಾಯಕ್ಕೆ ಪ್ಲೇಟ್ ಮೆಥಡ್ ಎಂದು ಹೆಸರಿಟ್ಟು, ಅದನ್ನು ಕಂಡುಹಿಡಿದವರು ಲೇಖಕರೇ ಎಂದು ಮುನ್ನುಡಿಯಲ್ಲಿ ಬರೆದಿತ್ತು. ಲೇಖಕರು ಸಿದ್ದೀಕ್. ಅವಳ ಹೆಸರು ಉಪಕಾರ ಸ್ಮರಣೆಯಲ್ಲೂ ಇರಲಿಲ್ಲ.

ಮರುದಿನ ಅವಳು ಆಫೀಸಿಗೆ ಹೋಗಿ, ಒಳಪುಟದ ಮೂಲೆಯಲ್ಲಾದರೂ ಒಂದು ಕಡೆ ಹೆಸರು ಹಾಕಬಹುದಿತ್ತಲ್ಲ ಎಂದು ಕೇಳಿದಳು. ಸಿದ್ದೀಕನಿಗೆ ಸಿಟ್ಟೇನೂ ಬರಲಿಲ್ಲ. ನಕ್ಕ.

"ಹೆಸರು ಹಾಕ್ಲಿಕ್ಕೆ ನೀನು ಎಂತ ಬರ್ದದ್ದು ಮಾರಾಯ್ತಿ? ಯಾರು ಎಲ್ಲಿ ಕೂತದ್ದು ಅಂತ. ಅದನ್ನು ನಮ್ಮ ಮನೆಯ ಹೆಂಗಸರು ಕೂಡ ದಿನಾ ಹೇಳ್ತಾರೆ."

ಮುಂದಿನ ತಿಂಗಳಿನಿಂದ ಬರುವುದು ಬೇಡ, ಎಮ್ಮೆಸ್ಸಿ ಆದ ಹುಡುಗಿ ಸಿಕ್ಕಿದ್ದಾಳೆ ಎಂದೂ ಹೇಳಿದ. ಆ ಹುಡುಗಿ ಅನಘ. ರಮ್ಲಾ ಟೀಚರ್ ತಾವಾಗಿಯೇ ಬಿಟ್ಟು ಹೋದರು ಎಂದು ಅವಳಿಗೆ ತಿಳಿಸಲಾಗಿತ್ತು.

ರಮ್ಲಾ ಅಳಲಿಲ್ಲ, ಜಗಳವಾಡಲಿಲ್ಲ, ಮನೆತನದ ಹಿರಿಯರ ಹತ್ತಿರ ದೂರು ಒಯ್ಯಲಿಲ್ಲ. ಹಲೀಮಾ ಎರಡು ದಿನ ಮಗಳ ಮುಖ ನೋಡದೆ ಅನ್ನ ಬಡಿಸಿದರು. ಮೂರನೆಯ ದಿನ, ನಾನು ಏಳಬೇಕಿತ್ತು ಎಂದರು. ರಮ್ಲಾ ತಟ್ಟೆಯನ್ನು ತೊಳೆಯಲು ಎತ್ತಿಕೊಂಡಳು. ಅವಳೊಳಗೆ ಸಿಟ್ಟು ಉರಿಯುತ್ತಿರಲಿಲ್ಲ. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟ ಮೀನಿನ ಹಾಗೆ ಕೆಡದೆ, ಕಣ್ಣು ಮುಚ್ಚದೆ ಹಾಗೆಯೇ ಇತ್ತು. ಅವಳಿಗೆ ಬೇಕಾಗಿದ್ದದ್ದು ಒಂದೇ. ಸಿದ್ದೀಕ್ ಎಲ್ಲರೆದುರು ಬೋರ್ಡಿನ ಮುಂದೆ ನಿಲ್ಲಬೇಕು. ಅವನಿಗೆ ಉತ್ತರ ಬರಬಾರದು. ಅದನ್ನು ಅವಳು ಕೂತು ನೋಡಬೇಕು.

ಒಂದೂವರೆ ವರ್ಷ ಕಾದಳು. ಪುಸ್ತಕ ಖರ್ಚಾಯಿತು. ಎರಡನೆಯ ಮುದ್ರಣಕ್ಕೆ ಐವತ್ತು ಹೊಸ ಪ್ರಶ್ನೆಗಳು ಬೇಕಾದವು. ಅನಘ ಮೂರು ಮಾಡಿಕೊಟ್ಟಳಂತೆ, ಅದರಲ್ಲಿ ಎರಡು ತಪ್ಪಂತೆ. ನಜ್ಲಾಳ ಮೂಲಕ ಮಾತು ಬಂತು. ಆಮೇಲೆ ಸಿದ್ದೀಕನೇ ಫೋನ್ ಮಾಡಿದ, ನೀನು ನಮ್ಮ ಮನೆಯ ಹುಡುಗಿ ಎಂದ. ರಮ್ಲಾ ಒಪ್ಪಿದಳು. ಬಿಡುಗಡೆಯ ದಿನ ಸಭೆಯಲ್ಲಿ ತನಗೊಂದು ಕುರ್ಚಿ ಬೇಕು, ಬೇರೇನೂ ಬೇಡ ಎಂದಳು. ಕುರ್ಚಿಗೆ ಎಂತ ಬರ, ಹತ್ತು ಹಾಕಿಸ್ತೇನೆ ಎಂದು ಅವನು ನಕ್ಕ.

ನಲವತ್ತೊಂಬತ್ತು ಪ್ರಶ್ನೆಗಳನ್ನು ಅವಳು ಚೊಕ್ಕವಾಗಿ ಮಾಡಿದಳು. ಪರೀಕ್ಷೆಗೆ ಓದುವ ಮಕ್ಕಳಿಗೆ ಮೋಸವಾಗಬಾರದು ಎಂಬುದು ಅವಳ ಪಾಲಿಗೆ ನಮಾಜಿನಷ್ಟೇ ಖಂಡಿತ. ಐವತ್ತನೆಯದನ್ನು ಬರೆಯಲು ಹನ್ನೆರಡು ದಿನ ತೆಗೆದುಕೊಂಡಳು. ಒಕ್ಕಲಿನ ದಿನದ ಹರಿವಾಣ ಅದು. ಎಂಟು ಜನ, ಹನ್ನೊಂದು ವಾಕ್ಯ. ಮೊದಲ ಹತ್ತು ವಾಕ್ಯಗಳನ್ನು ಹಿಡಿದು ಹೊರಟರೆ A ಮತ್ತು D ಒತ್ತಿಕೊಂಡು ಕೂತಿರುವುದು ಖಚಿತವಾಗುತ್ತದೆ. ಹನ್ನೊಂದನೆಯ ವಾಕ್ಯ, ಅವರಿಬ್ಬರ ನಡುವೆ H ಇದ್ದಾಳೆ ಎನ್ನುತ್ತದೆ. ಎಷ್ಟು ಅಳಿಸಿ ಬರೆದರೂ ಒಬ್ಬಳು ಹೊರಗೆ ಉಳಿಯುತ್ತಾಳೆ. ಒಂದು ಮಾತು ಬಿಟ್ಟಿತ್ತು. ಎಂಟರಲ್ಲಿ ಒಬ್ಬಳು ಕೂತಿಲ್ಲ, ಹಿಂದೆ ನಿಂತಿದ್ದಾಳೆ ಎಂಬ ಮಾತು. ಅದನ್ನು ಅವಳು ಬರೆಯಲಿಲ್ಲ. ಕೊನೆಗಿದ್ದ ಉತ್ತರಗಳ ಪಟ್ಟಿಯಲ್ಲಿ, ಕಣ್ಣಿಗೆ ಸರಿ ಕಾಣುವ ಒಂದು ಸುಳ್ಳು ಕ್ರಮವನ್ನು ಹಾಕಿದಳು. ಈ ಒಂದು ಸುಳ್ಳು ಮಕ್ಕಳ ಕೈಗೂ ಹೋಗುತ್ತದೆ ಎಂಬುದು ಗೊತ್ತಿತ್ತು. ಬಿಡುಗಡೆಯ ದಿನವೇ ಬಯಲಾಗುತ್ತದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಸಿದ್ದೀಕನನ್ನು ಅವಳು ಒಂಬತ್ತು ವರ್ಷ ನೋಡಿದ್ದಳು. ಸಭೆಗಳಲ್ಲಿ ಅವನು ಯಾವಾಗಲೂ ಅತಿ ಉದ್ದದ ಪ್ರಶ್ನೆಯನ್ನೇ ಆರಿಸುತ್ತಿದ್ದ, ಉತ್ತರ ಬಾಯಿಪಾಠ ಮಾಡಿಕೊಂಡು ಬಂದು ಬೋರ್ಡಿನ ಮೇಲೆ ಪಟಪಟ ತುಂಬಿಸುತ್ತಿದ್ದ. ಈ ಸಲ ತುಂಬಿಸಿ ಮುಗಿಸಿದ ಮೇಲೆ ಅವಳು ಎದ್ದು, ಹನ್ನೊಂದನೆಯ ವಾಕ್ಯ ಸರಿಹೊಂದುವುದಿಲ್ಲವಲ್ಲ ಎಂದು ಒಂದೇ ಮಾತು ಕೇಳುವುದು. ಅಷ್ಟೇ. ಉಳಿದದ್ದು ತಾನಾಗಿ ಆಗುತ್ತದೆ.

ಬಿಡುಗಡೆ ಒಂದು ಭಾನುವಾರ ಬೆಳಗ್ಗೆ, ಕೊಟ್ಟಾರದ ಒಂದು ಸಭಾಭವನದಲ್ಲಿ. ಇನ್ನೂರು ಮಕ್ಕಳು ಬಂದಿದ್ದರು, ಅವರ ತಂದೆತಾಯಂದಿರೂ ಇದ್ದರು. ವೇದಿಕೆಯ ಹಿಂದೆ ಗೋಡೆ ತುಂಬ ಬ್ಯಾನರ್. ಖಾಲಿ ಹರಿವಾಣ, ನಡುವೆ ಪುಸ್ತಕ, ಸುತ್ತ ಚಾಚಿದ ಬಲಗೈಗಳು. ರಮ್ಲಾ ಮೂರನೆಯ ಸಾಲಿನ ಅಂಚಿನ ಕುರ್ಚಿಯಲ್ಲಿ ಕೂತಳು. ಮುಂದಿನ ಸಾಲಿನಲ್ಲಿ ಅನಘಳ ತಂದೆ, ಶಾಲು ಹೊದ್ದ ರಾಧಾಕೃಷ್ಣರೂ ಅವರ ಹೆಂಡತಿ ನೀರಜಾಕ್ಷಿಯೂ ಕೂತಿದ್ದರು. ಅವರೇಕೆ ಬಂದಿದ್ದಾರೆ ಎಂದು ಅವಳು ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಅತಿಥಿಗಳ ಭಾಷಣ ಮುಗಿಯಿತು. ಸಿದ್ದೀಕ್ ಮೈಕ್ ಹಿಡಿದು, ಇವತ್ತು ಪುಸ್ತಕದ ಅತಿ ಕಠಿಣವಾದ ಪ್ರಶ್ನೆ, ನಾಲ್ಕು ನೂರ ಐವತ್ತನೆಯದು, ನಿಮ್ಮ ಎದುರಿನಲ್ಲೇ ಬಿಡಿಸುತ್ತೇವೆ ಎಂದ. ರಮ್ಲಾ ಬೆನ್ನು ನೇರ ಮಾಡಿಕೊಂಡಳು. ಅವನು ಹೊಸ ಕೋಟಿನ ಗುಂಡಿ ಹಾಕಿಕೊಂಡು ಅತಿಥಿಗಳ ನಡುವೆ ಹೋಗಿ ಕೂತುಬಿಟ್ಟ. ಡೈರೆಕ್ಟರ್ ಆದ ಮೇಲೆ ಮಾರ್ಕರ್ ಹಿಡಿಯುವುದು ತನಗೆ ಚೆಂದವಲ್ಲ ಎನಿಸಿರಬೇಕು. ಬೋರ್ಡಿಗೆ ಬಂದವಳು ಅನಘ. ಅವಳ ಕೈಯಲ್ಲಿ ಪ್ರಶ್ನೆಯ ಪುಟ ಮಾತ್ರ ಇತ್ತು. ಉತ್ತರವನ್ನು ಅವಳಿಗೆ ಯಾರೂ ತೋರಿಸಿರಲಿಲ್ಲ.

ಹನ್ನೆರಡು ದಿನ ಕೂತು ಎಲ್ಲರನ್ನೂ ಅವರವರ ಜಾಗದಲ್ಲಿ ಇಟ್ಟ ರಮ್ಲಾ, ಇವಳೊಬ್ಬಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅನಘ ಹರಿವಾಣ ಬರೆದಳು. ಸುತ್ತ ಎಂಟು ಚುಕ್ಕೆ ಇಟ್ಟಳು. ಮೊಣಕೈಯ ಲೆಕ್ಕ ಹೇಳುತ್ತ, ನಗುತ್ತ, ಏಳು ಜನರನ್ನು ಚಕಚಕನೆ ಕೂರಿಸಿದಳು. ಎಷ್ಟು ಚೆನ್ನಾಗಿ ಕಲಿಸುತ್ತಾಳೆ ಎಂದು ರಮ್ಲಾಳಿಗೆ ಅನಿಸಿತು. ಹನ್ನೊಂದನೆಯ ವಾಕ್ಯಕ್ಕೆ ಬಂದು ಅನಘಳ ಕೈ ನಿಂತಿತು. ಅವಳು ಅಳಿಸಿದಳು, ಮತ್ತೆ ಬರೆದಳು. ಒಂದು ಚುಕ್ಕೆ ಖಾಲಿಯಿತ್ತು, ಒಬ್ಬಳು ಹೊರಗಿದ್ದಳು. ಖಾಲಿ ಚುಕ್ಕೆಯಲ್ಲಿ ಕೂರಿಸಿದರೆ ಕೊನೆಯ ವಾಕ್ಯ ಸುಳ್ಳಾಗುತ್ತಿತ್ತು, ಕೊನೆಯ ವಾಕ್ಯದಂತೆ ಕೂರಿಸಿದರೆ ಮೊದಲಿನದೊಂದು ಸುಳ್ಳಾಗುತ್ತಿತ್ತು. ಮಕ್ಕಳು ಪಿಸುಗುಟ್ಟತೊಡಗಿದರು. ರಾಧಾಕೃಷ್ಣರು ಶಾಲನ್ನು ಸರಿಪಡಿಸಿಕೊಂಡರು. ಗೋಡೆಯ ಗಡಿಯಾರದಲ್ಲಿ ಒಂದು ನಿಮಿಷ, ಎರಡು ನಿಮಿಷ ಹೋದವು. ರಮ್ಲಾಳ ಕಣ್ಣು ಸಿದ್ದೀಕನ ಮೇಲಿತ್ತು. ಈಗ ಏಳುತ್ತಾನೆ. ಹುಡುಗಿಯ ಸಹಾಯಕ್ಕೆ ಏಳಲೇಬೇಕು. ಎದ್ದರೆ ಸಿಕ್ಕಿದ. ಮೂರನೆಯ ಸಲ ಅಳಿಸುವಾಗ ಅನಘಳ ಬೆರಳುಗಳೆಲ್ಲ ನೀಲಿಯಾಗಿದ್ದವು.

ಸಿದ್ದೀಕ್ ಏಳಲಿಲ್ಲ. ಕೂತಲ್ಲಿಂದಲೇ ಮೈಕ್ ತೆಗೆದುಕೊಂಡ. "ಟೆನ್ಶನ್ ಬೇಡ ಅನಘ. ಹೆಂಗಸರಿಗೆ ಎಡ ಬಲ ಸ್ವಲ್ಪ ಕಷ್ಟವೇ," ಎಂದ. ಸಭೆ ನಕ್ಕಿತು. ನೀರಜಾಕ್ಷಿ ನಗಲಿಲ್ಲ.

ರಮ್ಲಾ ಎದ್ದು ನಿಂತಳು.

"ಅವಳಿಗೆ ಎಡ ಬಲ ಗೊತ್ತುಂಟು," ಎಂದಳು. ದೊಡ್ಡ ದನಿಯೇನಲ್ಲ, ತರಗತಿಯ ದನಿ. "ಈ ಪ್ರಶ್ನೆಗೆ ಉತ್ತರ ಇಲ್ಲ. ಒಂದು ವಾಕ್ಯ ಬಿಟ್ಟದ್ದು. ಬಿಟ್ಟದ್ದು ನಾನು. ಬರ್ದದ್ದೂ ನಾನೇ. ಇದೊಂದೇ ಅಲ್ಲ, ಪುಸ್ತಕದಲ್ಲಿ ಇರುವ ಎಲ್ಲವೂ."

ಸಿದ್ದೀಕ್ ಮೈಕಿನಲ್ಲೇ ನಕ್ಕು, ಇವಳು ನಮ್ಮ ಚಿಕ್ಕಪ್ಪನ ಮಗಳು, ಮೊದಲು ಸ್ವಲ್ಪ ಸಹಾಯ ಮಾಡುತ್ತಿದ್ದಳು ಎಂದು ಸಭೆಗೆ ವಿವರಿಸಿದ. ರಮ್ಲಾ ಅವನ ಕಡೆ ತಿರುಗಲಿಲ್ಲ. ಮಕ್ಕಳ ಕಡೆ ತಿರುಗಿ, ನಿಮ್ಮ ಕೈಯಲ್ಲಿ ಪುಸ್ತಕ ಉಂಟಲ್ಲ, ಯಾವುದಾದರೂ ನಂಬರ್ ಹೇಳಿ ಎಂದಳು.

ಹಿಂದಿನ ಸಾಲಿನಿಂದ ಎಪ್ಪತ್ತಮೂರು ಎಂದು ಯಾರೋ ಕೂಗಿದರು. ಅದು ಬಸ್ಸು ಎಂದಳು ರಮ್ಲಾ. ಆರು ಜನ, ಮೊದಲು ಇಳಿದವರು ಲೇಡಿಹಿಲ್ಲಿನಲ್ಲಿ, ನಿಮ್ಮ ಪುಸ್ತಕದಲ್ಲಿ T. ಅವರ ಹೆಸರು ಜೆಸ್ಸಿ, ನಮ್ಮ ನೆರೆಮನೆಯವರು, ಅಂದು ತಂಗಿಯ ಮನೆಗೆ ಹೊರಟಿದ್ದ ಅವರ ಚೀಲದಿಂದ ಬಂಗುಡೆ ಮೀನಿನ ನೀರು ಸೋರುತ್ತಿತ್ತು. ಪುಟ ತಿರುಗಿಸುವ ಸದ್ದು ಕೇಳಿಸಿತು. ಸರಿ ಉಂಟು ಎಂದರು ಯಾರೋ. ಇನ್ನೂರ ಎಂಟು ಎಂದು ಇನ್ನೊಬ್ಬರು. ಸಂದರ್ಶನದ ಬೆಂಚು, ಎಡದಿಂದ ಮೂರನೆಯವನು P, ಅವನು ಎಲ್ರೊಯ್, ಮೊದಲು ಕರೆದದ್ದು ಅವನನ್ನೇ. ಹೀಗೆ ಎಂಟು ನಂಬರ್ ಕೇಳಿದರು. ಎಂಟಕ್ಕೂ ಅವಳು ಪುಸ್ತಕ ನೋಡದೆ ಹೇಳಿದಳು. ಅಕ್ಷರಗಳೆಲ್ಲ ಒಬ್ಬೊಬ್ಬರಾಗಿ ಮುಖ ಪಡೆದು ಎದ್ದು ನಿಂತವು.

ರಾಧಾಕೃಷ್ಣರು ಕೂತಲ್ಲಿಂದಲೇ ಕೇಳಿದರು: "ಹಾಗಾದರೆ ಆ ಬಿಟ್ಟ ವಾಕ್ಯ ಎಂತದಮ್ಮ?"

"ಅದನ್ನು ಸಿದ್ದೀಕಾಕ ಹೇಳ್ಬೇಕು," ಎಂದಳು ರಮ್ಲಾ, ಮನೆಯಲ್ಲಿ ಅಣ್ಣನನ್ನು ಕರೆಯುವ ಹಾಗೆ. "ಅವರೂ ಆ ಕೋಣೆಯಲ್ಲಿ ಇದ್ರು. ಫೋಟೋ ತೆಗೆದದ್ದು ಅವರೇ."

ಎಲ್ಲರೂ ಬ್ಯಾನರ್ ನೋಡಿದರು. ಅನಘ ಮಾರ್ಕರ್ ಹಿಡಿದ ಕೈಯಿಂದಲೇ ಒಂದೊಂದಾಗಿ ಎಣಿಸಿದಳು. ಏಳು ಕೈಗಳು. ಪ್ರಶ್ನೆಯಲ್ಲಿ ಎಂಟು ಜನ. ಅವಳು ವೇದಿಕೆ ದಾಟಿ ಹೋಗಿ, ಮಾರ್ಕರನ್ನು ಸಿದ್ದೀಕನ ಮುಂದೆ ಮೇಜಿನ ಮೇಲಿಟ್ಟಳು. ಅತಿಥಿಗಳು ಅವನ ಮುಖ ನೋಡಿದರು. ಅವನು ಎದ್ದ. ಬೋರ್ಡಿನ ತನಕ ನಡೆದ. ಕೋಟಿನ ಗುಂಡಿ ಬಿಚ್ಚಿದ, ಮತ್ತೆ ಹಾಕಿದ. ಪ್ರಶ್ನೆಯ ಪುಟವನ್ನು ಓದಿದ, ಇನ್ನೊಮ್ಮೆ ಓದಿದ.

ಆಗ ರಮ್ಲಾ ಕೂತಳು. ಅವಸರವಿಲ್ಲದೆ ಸೆರಗು ಎಳೆದುಕೊಂಡು, ಕುರ್ಚಿಯ ಬೆನ್ನಿಗೆ ಒರಗಿ ಕೂತಳು. ಒಂದೂವರೆ ವರ್ಷ ಕಾದದ್ದು ಇದಕ್ಕೆ. ಅವನಿಗೆ ನಿಜಕ್ಕೂ ನೆನಪಿಲ್ಲ ಎಂಬುದು ಅವಳಿಗೆ ಅವನ ಬೆನ್ನು ನೋಡಿಯೇ ತಿಳಿಯಿತು. ನೆರಳು ಬೀಳುತ್ತದೆ ಎಂದು ಸರಿಸಿದ್ದು ಅವನಿಗೆ ನೆನಪಿಡುವಂಥ ಸಂಗತಿಯೇ ಆಗಿರಲಿಲ್ಲ. ಅವನು ಬೋರ್ಡಿನ ಖಾಲಿ ಚುಕ್ಕೆಯ ಮೇಲೆ ಮಾರ್ಕರ್ ಇಟ್ಟ, ತೆಗೆದ. ಅಲ್ಲೊಂದು ಸಣ್ಣ ಕಲೆ ಉಳಿಯಿತು. ನಿರೂಪಣೆ ಮಾಡುತ್ತಿದ್ದವರು ಯಾರೋ ಬಂದು ಚಹಾದ ವ್ಯವಸ್ಥೆ ಆಗಿದೆ ಎನ್ನುವ ತನಕ ಅವನು ಅಲ್ಲೇ ನಿಂತಿದ್ದ. ಆ ಹೊತ್ತಿನ ಒಂದೊಂದು ಕ್ಷಣವನ್ನೂ ಅವಳು ಬಾಯಲ್ಲಿಟ್ಟು ಕರಗಿಸಿಕೊಂಡಳು.

ಮಕ್ಕಳು ಅವಳನ್ನು ಸುತ್ತುವರಿದರು, ಪುಸ್ತಕ ಚಾಚಿ ಹೆಸರು ಬರೆದುಕೊಡಿ ಎಂದರು. ಅವಳು ಬರೆದುಕೊಟ್ಟಳು. ಮೆಟ್ಟಿಲಿಳಿದು ಬಸ್ ಸ್ಟಾಪಿಗೆ ಬಂದಾಗ ಅನಘ ಅಲ್ಲಿ ಕಾಯುತ್ತಿದ್ದಳು. ಬೆರಳುಗಳ ನೀಲಿ ಇನ್ನೂ ಹೋಗಿರಲಿಲ್ಲ.

"ಟೀಚರ್, ಅದಕ್ಕೆ ಉತ್ತರ ಇಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ನಾನು ಅಲ್ಲಿ ನಿಂತ ಮೇಲೆ ನೀವು ಎಷ್ಟು ಹೊತ್ತು ಸುಮ್ಮನೆ ಕೂತಿದ್ರಿ?"

ರಮ್ಲಾ ಸುಳ್ಳು ಹೇಳಬಹುದಿತ್ತು. ಆದರೆ ಗಡಿಯಾರ ನೋಡಿದವಳು ಅವಳೇ. "ನಾಲ್ಕು ನಿಮಿಷ," ಎಂದಳು.

ಅನಘ ತಲೆಯಾಡಿಸಿದಳು. ತಂದೆತಾಯಿ ಆಚೆ ಬದಿಯಲ್ಲಿ ನಿಲ್ಲಿಸಿದ್ದ ರಿಕ್ಷಾದ ಕಡೆಗೆ ರಸ್ತೆ ದಾಟಿ ಹೋದಳು. ಕಾವೂರಿನ ಬಸ್ಸು ಬಂತು. ಹೆಂಗಸರ ಸೀಟುಗಳಲ್ಲಿ ಯಾರು ಯಾರು ಕೂತಿದ್ದರು ಎಂಬುದನ್ನು ಅಂದು ರಮ್ಲಾ ನೋಡಲಿಲ್ಲ.

ಪುಸ್ತಕ ಈಗಲೂ ಮಾರಾಟದಲ್ಲಿದೆ. ಮುಖಪುಟದ ಹೆಸರು ಸಿದ್ದೀಕನದೇ. ಅಚ್ಚಾದ ಪ್ರತಿಗಳನ್ನು ಬಿಸಾಡಲು ಮನಸ್ಸಾಗದೆ, ನಾಲ್ಕು ನೂರ ಐವತ್ತನೆಯ ಪ್ರಶ್ನೆಯ ಮೇಲೆ ಒಂದೊಂದು ಬಿಳಿ ಚೀಟಿ ಅಂಟಿಸಿದ್ದಾನೆ. ಬಿಳಿ ಚೀಟಿ ಇದ್ದಲ್ಲಿ ಮಕ್ಕಳ ಉಗುರು ಸುಮ್ಮನಿರುವುದಿಲ್ಲ. ಚೀಟಿ ಅಂಟಿಸಿದ ಒಂದು ಪ್ರತಿ ಹಿಡಿದುಕೊಂಡು ಅನಘ ಆ ಸೆಂಟರ್ ಬಿಟ್ಟಳು, ಮಣ್ಣಗುಡ್ಡದಲ್ಲೇ ಒಂದು ಶಾಲೆಗೆ ಸೇರಿದಳು ಎಂದು ಸುದ್ದಿ ಬಂತು. ಸುದ್ದಿ ಬಂದದ್ದು ಬೇರೆಯವರಿಂದ.

ಕಾವೂರಿನ ಮನೆಯ ಮೇಲಿನ ಕೋಣೆಯಲ್ಲಿ ರಮ್ಲಾ ಈಗ ಹದಿನೇಳು ಹುಡುಗಿಯರಿಗೆ ಕಲಿಸುತ್ತಾಳೆ. ಕುರ್ಚಿಗಳಿಲ್ಲ, ಎಲ್ಲರೂ ಚಾಪೆಯ ಮೇಲೆ ದುಂಡಗೆ ಕೂರುತ್ತಾರೆ. ಹಲೀಮಾ ಚಹಾ ತಂದಾಗ ಯಾರಾದರೂ ನಿಂತದ್ದು ಕಂಡರೆ ಮೊದಲು ಅವರನ್ನು ಕೂರಿಸಿ, ಆಮೇಲೆ ಲೋಟ ಕೊಡುತ್ತಾರೆ. ಸೇರಲು ಬರುವ ಹುಡುಗಿ ತನ್ನ ಪುಸ್ತಕದ ಬಿಳಿ ಚೀಟಿಯನ್ನು ಹರಿಯದಂತೆ ಕಿತ್ತು ತರಬೇಕು ಎಂಬುದು ಇಲ್ಲಿಯ ನಿಯಮ. ಮೊನ್ನೆ ಬಂದ ಶ್ರಾವಣಿ ಎಂಬವಳು, ಚೀಟಿ ಯಾಕೆ ಟೀಚರ್ ಎಂದು ಕೇಳಿದಳು. ನನಗೆ ಬೇಕು ಎಂದಳು ರಮ್ಲಾ.

ಹನ್ನೆರಡನೆಯ ನೋಟ್‌ಬುಕ್ಕಿನಲ್ಲಿ, ಪುಟಕ್ಕೊಂದರಂತೆ, ಅವಳು ಆ ಚೀಟಿಗಳನ್ನು ಅಂಟಿಸುತ್ತಾಳೆ. ಕೆಲವು ಸಂಜೆ ತೆರೆದು ಎಣಿಸುತ್ತಾಳೆ, ಹಗೆಯ ಸವಿ ಇನ್ನೂ ಇದೆಯೇ ಎಂದು ನೋಡುವವಳ ಹಾಗೆ. ಇರುತ್ತದೆ. ಶ್ರಾವಣಿಯದು ಹದಿನೇಳನೆಯದು. ಅಂಟಿಸಲು ಶುರು ಮಾಡಿದ್ದು ಎರಡನೆಯ ಪುಟದಿಂದ. ಮೊದಲ ಪುಟವನ್ನು ಖಾಲಿ ಬಿಟ್ಟಿದ್ದಾಳೆ. ಅಲ್ಲಿಗೆ ಬರಬೇಕಾದ ಚೀಟಿ ಮಣ್ಣಗುಡ್ಡದ ಒಂದು ಮನೆಯಲ್ಲಿದೆ.